ಗುತ್ತಲದ ಮಾಳಿಗೆಯೂ ಗಿಟಾರಿನ ತತ್ವಪದವೂ

ಹಾವೇರಿಯನ್ನು ಬಿಟ್ಟು ಮೂಡಣ ದಿಕ್ಕಿಗೆ ಹೊರಟ ಬಸ್ಸು ಹೆದ್ದಾರಿಯ ಗದ್ದಲವನ್ನು ಹಿಂದೆ ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ ಎರಡೂ ಮಗ್ಗುಲಿಗೆ ಎರೆಯ ಭೂಮಿಯು ಹರವಿಕೊಳ್ಳುವದು. ಗೋವಿನಜೋಳ, ಹತ್ತಿ, ಶೇಂಗಾ, ನಡುನಡುವೆ ಮೆಣಸಿನ ಗಿಡಗಳ ಸಾಲು. ನೆಲವು ಕಪ್ಪು, ಆಕಾಶವು ವಿಸ್ತಾರ, ಜನರ ಮಾತು ನೇರ. 2023ರ ಜೂನ್ ತಿಂಗಳಲ್ಲಿ ಹೆಣ್ಣುಮಕ್ಕಳಿಗೆ ಸರಕಾರದ ಬಸ್ಸಿನಲ್ಲಿ ಚೀಟಿಯ ಹಣವಿಲ್ಲದೆ ಪ್ರಯಾಣದ ಅನುಕೂಲವಾದಂದಿನಿಂದ ಈ ದಾರಿಯ ಬಸ್ಸುಗಳಲ್ಲಿ ತವರಿಗೆ ಹೋಗುವವರ, ಸಂತೆಗೆ ಹೋಗುವವರ, ದೇವರಿಗೆ ಹೋಗುವವರ ಹರಟೆಯು ಹೆಚ್ಚಾಗಿದೆ. ನಿಂತುಕೊಂಡೇ ಹೋಗಬೇಕಾದ ಗಂಡಸು ಮುಖವನ್ನು ಗಂಟಿಕ್ಕಿಕೊಳ್ಳದೆ ಕಿವಿಯನ್ನು ತೆರೆದಿಟ್ಟರೆ ಗುತ್ತಲವು ಬರುವದರೊಳಗಾಗಿ ಅರ್ಧ ತಾಲೂಕಿನ ಸಮಾಚಾರವನ್ನು ತಿಳಿದುಕೊಂಡಿರುತ್ತಾನೆ.

ಗುತ್ತಲವು ಈಗ ಹಾವೇರಿ ತಾಲೂಕಿನ ಒಂದು ಪೇಟೆಯೂರು. ಹಿಂದೆ ಇದು ಗುತ್ತವೊಳಲು. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಗುತ್ತರೆಂಬ ಮಾಂಡಲಿಕರು ಆಳಿದರು. ಮೊದಲು ಕಲ್ಯಾಣದ ಚಾಲುಕ್ಯರಿಗೆ, ಆ ಬಳಿಕ ದೇವಗಿರಿಯ ಸೇವುಣರಿಗೆ ತಲೆಬಾಗಿ ನಡೆದವರು. ಇವರ ಶಾಸನಗಳನ್ನು ಓದಿದರೆ ಒಂದು ಸಂಗತಿಯು ಕಣ್ಣಿಗೆ ಬೀಳದೆ ಇರದು. ತಾವು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರು, ಚಂದ್ರಗುಪ್ತನ ಕುಲದವರು, ಉಜ್ಜಯಿನೀಪುರದ ಒಡೆಯರು ಎಂದು ಇವರು ಬಿರುದು ಹೇಳಿಕೊಂಡರು. ಉಜ್ಜಯಿನಿಯು ಎಲ್ಲಿ, ವರದಾ ತುಂಗಭದ್ರೆಗಳ ನಡುವಣ ಈ ಎರೆಯ ಹೊಲಗಳೆಲ್ಲಿ! ಗುಪ್ತರು ಗುತ್ತರಾದರೆಂಬ ಒಂದೇ ಅಕ್ಷರದ ಸೇತುವೆಯ ಮೇಲೆ ಅವರು ನೂರಾರು ಹರದಾರಿ ನಡೆದುಬಿಟ್ಟರು. ಇತಿಹಾಸ ಪಂಡಿತರು ಇದನ್ನು ಗಂಭೀರವಾಗಿ ಚರ್ಚಿಸುವರು. ನನಗಾದರೋ ಈ ಸೀಮೆಯ ವಿನೋದದ ಚರಿತ್ರೆಯು ಇಲ್ಲಿಂದಲೇ ಆರಂಭವಾದಂತೆ ತೋರುವದು.

ವಿನೋದವೆಂದರೆ ನಗೆಚಾಟಿಕೆಯಲ್ಲ. ಈ ಜಿಲ್ಲೆಯ ನೆಲದಲ್ಲಿ ಎದ್ದ ಮಾತುಗಾರರನ್ನೆಲ್ಲ ಒಮ್ಮೆ ನೆನೆಯಿರಿ. ಗುತ್ತಲಕ್ಕೆ ಸಮೀಪದ ಚೌಡದಾನಪುರದ ಅಂಬಿಗರ ಚೌಡಯ್ಯನು ಹುಸಿಭಕ್ತರನ್ನು ಬೈದಂತೆ ಬೈದ ವಚನಕಾರನು ಬೇರೊಬ್ಬನಿಲ್ಲ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ನೆಚ್ಚಿದ ಕನಕದಾಸರು ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ‘ರಾಮಧಾನ್ಯಚರಿತೆ’ಯನ್ನು ಬರೆದರು, ಒಗಟಿನಂಥ ಮುಂಡಿಗೆಗಳನ್ನು ಹಾಡಿ ಪಂಡಿತರ ತಲೆಯನ್ನು ತಿರುಗಿಸಿದರು. ಮಾಸೂರು ಅಬಲೂರುಗಳ ಕಡೆಯ ಸರ್ವಜ್ಞನ ಮಾತನ್ನಂತೂ ಹೇಳಲೇಬೇಕಾಗಿಲ್ಲ. ಇವರೆಲ್ಲರ ತರುವಾಯ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದ ಶರೀಫ ಸಾಹೇಬರು ಬರುವರು. ನಾನು ಗುತ್ತಲಕ್ಕೆ ಹೋದದ್ದು ಬಂಧುಗಳನ್ನು ಕಾಣುವ ಸಲುವಾಗಿ. ಶರೀಫ ಸಾಹೇಬರು ಅಲ್ಲಿ ನನಗೆ ಭೆಟ್ಟಿಯಾದದ್ದು ಒಂದು ಮೊಬೈಲಿನೊಳಗಿಂದ.

ಆಷಾಢದ ಗಾಳಿಮಳೆಯು ಹಿಡಿದ ದಿನ. ನನ್ನ ಸೋದರತ್ತೆಯ ಮನೆಯು ಹಳೆಯ ಓಣಿಯಲ್ಲಿರುವ ಮಣ್ಣಿನ ಮಾಳಿಗೆಯ ಮನೆ. ಮೈಸೂರು ಮಂಗಳೂರು ಕಡೆಯ ವಾಚಕರಿಗೆ ಮಾಳಿಗೆಯೆಂದರೆ ಮೇಲಂತಸ್ತು ಎಂಬ ಭಾವನೆಯು ಬರಬಹುದಾದ್ದರಿಂದ ಎರಡು ಮಾತು ಹೇಳುವೆನು. ಈ ಕಡೆಯ ಮಾಳಿಗೆಯು ಹೆಂಚಿನದಲ್ಲ, ಇಳಿಜಾರೂ ಅಲ್ಲ. ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಗಟ್ಟಿಸಿದ ಮಣ್ಣಿನ ಹೊದಿಕೆ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮೇಲೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಅಂಗಳವಿಲ್ಲ. ಆದರೆ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಮೇಲಕ್ಕೆ ಹತ್ತಿ ಹುಲ್ಲು ಕಿತ್ತು, ಇಲಿಯ ತೂತುಗಳನ್ನು ಮುಚ್ಚಿ, ಹೊಸ ಮಣ್ಣನ್ನು ಹಾಕಿ ಬಡಿಯಬೇಕು. ಒಂದು ವರ್ಷ ತಪ್ಪಿತೋ, ಮಳೆಯು ಲೆಕ್ಕವನ್ನು ಕೇಳುವದು. ಅತ್ತೆಯ ಮನೆಯಲ್ಲಿ ಎರಡು ವರ್ಷ ತಪ್ಪಿತ್ತು. ಪಡಸಾಲೆಯಲ್ಲಿ ಒಂದು ಕೊಡ, ಒಂದು ಬೋಗುಣಿ, ದೇವರ ಕೋಣೆಯ ಹೊಸ್ತಿಲಿಗೆ ಒಂದು ಹಿತ್ತಾಳೆಯ ತಂಬಿಗೆ ಇಟ್ಟಿದ್ದರು. ಒಂದೊಂದರಲ್ಲಿಯೂ ಹನಿಯು ಬೇರೆ ಬೇರೆ ಸ್ವರದಲ್ಲಿ ಬೀಳುತ್ತಿತ್ತು.

“ತಮ್ಮಾ, ಆ ಕಂಬದ ಹತ್ರ ಕುಂಡ್ರಬ್ಯಾಡ. ಅಲ್ಲಿ ಇನ್ನೊಂದು ಬಾಗಲಾ ತಗದೈತಿ” ಎಂದು ಅತ್ತೆಯು ನನ್ನನ್ನು ಬೆಳಕಿಂಡಿಯಿಂದ ದೂರದ ಒಣ ಮೂಲೆಗೆ ಸಾಗಿಸಿದಳು. ಅಷ್ಟರಲ್ಲಿ ಅವಳ ಮೊಮ್ಮಗನು, ಕಾಲೇಜಿನಲ್ಲಿ ಕಡೆಯ ವರ್ಷ ಓದುವ ಹುಡುಗ, ಸುಮ್ಮನಿರಲಾರದೆ ಮೊಬೈಲನ್ನು ಒಂದು ಖಾಲಿ ತಂಬಿಗೆಯೊಳಗೆ ಇಳಿಬಿಟ್ಟು ಹಾಡು ಹಚ್ಚಿದನು. ತಂಬಿಗೆಯು ಧ್ವನಿಯನ್ನು ಹಿಗ್ಗಿಸುವದೆಂಬ ಭೌತಶಾಸ್ತ್ರವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಿಟಾರು, ಡ್ರಮ್ಮು, ಪಿಟೀಲುಗಳ ಸದ್ದಿನ ನಡುವೆ ಒಬ್ಬ ಗಂಡಸು ಎದೆಬಿಚ್ಚಿ ಕನ್ನಡದಲ್ಲಿ ಸೋರುವ ಮಾಳಿಗೆಯನ್ನು ಕುರಿತು ಹಾಡತೊಡಗಿದನು. ಅತ್ತೆಯು ಮೊದಲು ಮೇಲೆ ನೋಡಿದಳು, ತರುವಾಯ ಬೋಗುಣಿಯನ್ನು ನೋಡಿದಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಆ ಹಾಡು ಇದ್ದ ಸಂಪುಟವು 2008ರಲ್ಲಿ ಹೊರಟದ್ದು. ಅದರ ಹೆಸರು ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ರಘು ದೀಕ್ಷಿತರು 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಗಳ ಶಾಸ್ತ್ರವನ್ನು ಓದಿದರು, ಭರತನಾಟ್ಯವನ್ನು ಅಭ್ಯಾಸ ಮಾಡಿದರು, ಕೊನೆಗೆ ಗಿಟಾರನ್ನು ಕೈಗೆತ್ತಿಕೊಂಡರು. ಮುಂಬಯಿಯ ಚಿತ್ರಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ಜೋಡಿಯವರ ಸಂಸ್ಥೆಯು ಈ ಸಂಪುಟವನ್ನು ಪ್ರಕಟಿಸಿತು. ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಭಾಷೆಗಳ ಹಾಡುಗಳು ಇದರಲ್ಲಿವೆ. ಕನ್ನಡದವುಗಳಲ್ಲಿ ಎರಡು ಶರೀಫರವು. ಒಂದು ಸೋರುವ ಮಾಳಿಗೆಯದು, ಇನ್ನೊಂದು ಗುಡುಗುಡಿಯದು. 2010ರಲ್ಲಿ ಈ ತಂಡವು ಇಂಗ್ಲೆಂಡಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಎಂಬವರು ನಡೆಯಿಸುವ ಹೆಸರಾದ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಗಿಟಾರು ಬಾರಿಸುವ ಮನುಷ್ಯನನ್ನು ಕಂಡು ಬಿಳಿಯರು ಬೆರಗಾದದ್ದು ಆಶ್ಚರ್ಯವಲ್ಲ. ಕನ್ನಡದ ಒಂದಕ್ಷರವೂ ತಿಳಿಯದವರು ಆ ಹಾಡಿಗೆ ತಲೆದೂಗಿದರೆಂಬದೇ ವಿಚಾರ ಮಾಡತಕ್ಕ ಮಾತು.

ರಾಕ್ ಎಂಬ ಅಬ್ಬರದ ಸಂಗೀತದಲ್ಲಿ ರೂಢಿಯ ದಾರಿಯನ್ನು ಬಿಟ್ಟು ನಡೆಯುವ ಒಂದು ಪಂಗಡವುಂಟು. ಪ್ರೇಮವಿಲ್ಲವೆ ಕೋಪ, ಇವೆರಡನ್ನೇ ಹಾಡಿ ದಣಿದ ಲೋಕದಲ್ಲಿ ಇವರು ವಿಚಿತ್ರ ವಸ್ತುಗಳನ್ನು ಹಾಡುವರು. ಅಮೇರಿಕೆಯ ‘ದೇ ಮೈಟ್ ಬಿ ಜೈಂಟ್ಸ್’ ಎಂಬ ಜೋಡಿಯವರು 1990ರಲ್ಲಿ ‘ಫ್ಲಡ್’ ಎಂಬ ಸಂಪುಟವನ್ನು ತಂದರು. ಅದರ ಪ್ರಸಿದ್ಧವಾದ ಹಾಡನ್ನು ಹಾಡುವ ಜೀವಿ ಯಾರೆಂದು ಬಲ್ಲಿರಾ? ಮಕ್ಕಳ ಕೋಣೆಯಲ್ಲಿ ರಾತ್ರಿಯೆಲ್ಲ ಉರಿಯುವ, ಹಕ್ಕಿಯ ಆಕಾರದ ಒಂದು ಚಿಕ್ಕ ದೀಪ! ಆ ಜೋಡಿಯಲ್ಲಿ ಒಬ್ಬರು ಬಾರಿಸುವ ಅಕಾರ್ಡಿಯನ್ನಿಗೆ ನಮ್ಮ ಭಜನೆಯ ಹಾರ್ಮೋನಿಯಮ್ಮು ದಾಯಾದಿಯೇ. ಎರಡರಲ್ಲಿಯೂ ತಿದಿ ಊದಿದ ಗಾಳಿಯಿಂದ ಲೋಹದ ನಾಲಗೆಗಳು ನುಡಿಯುವವು. ಇದೇ 1990ರಲ್ಲಿ ಕರ್ನಾಟಕದಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವು ತೆರೆಕಂಡು, ಸಿ. ಅಶ್ವತ್ಥರ ಸಂಗೀತದೊಡನೆ ಶರೀಫರು ನಾಡಿನ ಮನೆಮನೆಗೆ ಬಂದರು. ಅಲ್ಲಿ ಮಾತಾಡುವ ದೀಪ, ಇಲ್ಲಿ ಸೋರುವ ಮಾಳಿಗೆ. ಅಂಥ ಹಾಡಿನ ಆಕರ್ಷಣೆಯು ಏನೆಂದರೆ, ಮೊದಲು ಇದೇನು ಹುಚ್ಚೆಂದು ನಗುವೆವು; ಮೂರು ದಿನ ಅದು ನಾಲಗೆಯನ್ನು ಬಿಡುವದಿಲ್ಲ; ನಾಲ್ಕನೆಯ ದಿನ ಮುಸುರೆ ತಿಕ್ಕುವಾಗಲೋ, ಬಸ್ಸಿನಲ್ಲಿ ಜೋಲಿ ಹೊಡೆಯುವಾಗಲೋ ಅದರೊಳಗಿನ ಬೇರೊಂದು ಮಾತು ತಟ್ಟನೆ ಹೊಳೆಯುವದು.

ಶರೀಫರು ಇಮಾಮ ಸಾಹೇಬರ ಮಗ. ಕಳಸದ ಗೋವಿಂದ ಭಟ್ಟರ ಶಿಷ್ಯ. ಮುಸಲ್ಮಾನ ಶಿಷ್ಯನನ್ನು ಒಪ್ಪಿಕೊಂಡ ಬ್ರಾಹ್ಮಣ ಗುರುವನ್ನೂ, ಗುರುವಿನ ಹೆಸರನ್ನು ಪದಪದದಲ್ಲಿ ಸೇರಿಸಿದ ಶಿಷ್ಯನನ್ನೂ ಊರು ಎಷ್ಟು ಆಡಿಕೊಂಡಿರಬೇಕು! ಅವರ ವಸ್ತುಗಳೆಲ್ಲ ಕೈಗೆ ಸಿಕ್ಕುವಂಥವು. ಕೋಡಗವನ್ನು ಕೋಳಿಯು ನುಂಗಿತೆಂಬ ಪ್ರಸಿದ್ಧ ಪದವನ್ನೇ ನೋಡಿರಿ. ಒರಳು, ಒನಕೆ, ಬೀಸುವ ಕಲ್ಲು, ಗೋಡೆ, ಸುಣ್ಣ, ಎತ್ತು: ಮನೆಯೊಳಗಿನ, ಹಿತ್ತಲಿನ, ಹೊಲದ ಸಾಮಾನೆಲ್ಲ ಒಂದನ್ನೊಂದು ನುಂಗುತ್ತ ಹೋಗುವದು, ಕುಟ್ಟಲಿಕ್ಕೆ ಬಂದ ಮುದುಕಿಯನ್ನು ಒಂದು ನೊಣವು ನುಂಗಿಬಿಡುವದು. ಕೇಳುವ ಮಕ್ಕಳು ಬಿದ್ದು ಬಿದ್ದು ನಗುವರು. ಕಡೆಗೆ ಗುರುಪಾದವು ಆತ್ಮವನ್ನು ನುಂಗುವಾಗ ಮಾತ್ರ ನಗೆಯು ತಾನಾಗಿ ನಿಲ್ಲುವದು. ಅಲ್ಲಮನ ಬೆಡಗಿನ ವಚನಗಳ, ಕಬೀರನ ತಿರುಗುಮುರುಗು ಪದಗಳ ಮನೆತನವೇ ಇದು. ಇಂಗ್ಲೆಂಡಿನಲ್ಲಿ ಅರ್ಥಗೇಡಿ ಪದ್ಯಗಳಿಗೆ ಹೆಸರಾದ ಎಡ್ವರ್ಡ್ ಲಿಯರನು ಶರೀಫರ ಸಮಕಾಲೀನನು. ಅವನು 1812ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡನು. 1873ರಿಂದ 1875ರ ವರೆಗೆ ಚಿತ್ರ ಬರೆಯುತ್ತ ಹಿಂದುಸ್ಥಾನದಲ್ಲಿ ತಿರುಗಾಡಿದನು. ಆಗ ಶರೀಫರಿಗೆ ಐವತ್ತರ ಮೇಲೆ ನಾಲ್ಕೈದು ವರ್ಷ. ಇಬ್ಬರೂ ಒಂದು ಕಟ್ಟೆಯ ಮೇಲೆ ಕುಳಿತಿದ್ದರೆ ಏನಾಗುತ್ತಿತ್ತೆಂದು ಕಲ್ಪಿಸುವದು ನನಗೆ ಬಲು ಪ್ರೀತಿ. ದುಭಾಷಿಯ ಅವಸ್ಥೆಯನ್ನು ನೆನೆದರೆ ಮಾತ್ರ ಕನಿಕರವೆನಿಸುವದು.

ಮಳೆಯು ತುಸು ಹಿಡಿತಕ್ಕೆ ಬಂದಾಗ ಎದುರುಮನೆಯ ಹಿರಿಯರೊಬ್ಬರು ತಲೆಯ ಮೇಲೆ ಗೊಂಗಡಿಯನ್ನು ಹೊದೆದುಕೊಂಡು ಬಂದರು. ಓಣಿಯ ಭಜನಾ ಮೇಳದಲ್ಲಿ ನಲವತ್ತು ವರ್ಷಗಳಿಂದ ಮುಂದಾಗಿ ಹೇಳುವವರು ಅವರೇ. ಮೊದಲು ಹನ್ನೆರಡು ಜನರಿದ್ದ ಮೇಳವು ಈಗ ಐದಕ್ಕೆ ಇಳಿದಿದೆ. ಆ ಐವರಲ್ಲಿ ಇಬ್ಬರಿಗೆ ರಾತ್ರಿ ಕಣ್ಣು ಕಾಣಿಸುವದಿಲ್ಲ. ತಂಬಿಗೆಯೊಳಗಿನ ಹಾಡನ್ನು ಅವರು ಪೂರ್ತಿ ಕೇಳಿದರು. ಹಿರಿಯರು ಹೊಸದನ್ನು ಕೇಳದೆಯೇ ಹಳಿಯುವರೆಂಬ ಆಪಾದನೆಯು ಇವರ ಮಟ್ಟಿಗೆ ಸಲ್ಲದು.

“ಧ್ವನಿ ಚೊಲೊ ಐತಿ. ನಗಸತಾನ. ನಗಸೋದು ತಪ್ಪಲ್ಲ ನೋಡ್ರಿ, ಶರೀಫಜ್ಜನೂ ನಗಸ್ಯಾನ. ಆದ್ರ ನಗಸಿ ಅಲ್ಲೇ ಬಿಟ್ಟು ಹೋಗಬಾರದು” ಎಂದರು.

ಅವರ ತಕರಾರು ವಾದ್ಯಗಳ ಮೇಲಲ್ಲ, ವೇಗದ ಮೇಲೆ. ಭಜನೆಯಲ್ಲಿ ಒಬ್ಬರು ಒಂದು ನುಡಿಯನ್ನು ಹೇಳುವರು, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುವರು, ಮತ್ತೊಮ್ಮೆ ಹೇಳುವರು. ನಡುವೆ ತಾಳ ದಮ್ಮಡಿಗಳು ಮಾತಿಗೆ ಹಾದಿ ಬಿಟ್ಟು ನಿಲ್ಲುವವು. ಕೇಳುವವನು ನಗುವದಕ್ಕೂ, ನಕ್ಕದ್ದೇಕೆಂದು ಯೋಚಿಸುವದಕ್ಕೂ ಆ ಎಡೆಯು ಬೇಕು. ಒಂದು ಪದಕ್ಕೆ ಅರ್ಧ ತಾಸು ಹಿಡಿದರೂ ಯಾರೂ ಎದ್ದು ಹೋಗುವದಿಲ್ಲ. ಈ ಮುದ್ರಿಕೆಯಲ್ಲಾದರೋ ಐದಾರು ನಿಮಿಷಗಳಲ್ಲಿ ಎಲ್ಲ ಮುಗಿಯುವದು. ಈ ಮಾತಿನಲ್ಲಿ ಸತ್ಯವುಂಟು. ನಾನು ಅದನ್ನು ಒಪ್ಪಿದೆನು.

ಹುಡುಗನು ಒಪ್ಪಲಿಲ್ಲ. ಅವನು ಒರಟನಲ್ಲ, ಆದರೆ ಮನಸ್ಸಿನಲ್ಲಿ ಬಹುದಿನದಿಂದ ಇದ್ದ ಮಾತು ಆ ದಿನ ಹೊರಬಿದ್ದಿತು. “ಅಜ್ಜಾರ, ಈ ಪದಾ ನಾ ಮೊದಲು ಕೇಳಿದ್ದು ಇವರ ಬಾಯಾಗರಿ, ನಿಮ್ಮ ಬಾಯಾಗಲ್ಲ. ನೀವು ಎದುರುಮನ್ಯಾಗ ಇದ್ದೀರಿ. ನಮ್ಮನ್ನ ಎಂದ ಕರದೀರಿ? ತಾಳಾ ಮುಟ್ಟಿದ್ರ ಬೈತಿದ್ರಿ.”

ಪಡಸಾಲೆಯಲ್ಲಿ ಬೋಗುಣಿಯ ಹನಿಯೊಂದೇ ಮಾತಾಡುತ್ತಿತ್ತು. ಆಗ ಅತ್ತೆಯು ಒಲೆಯ ಕಡೆಯಿಂದಲೇ, “ಅವನ್ನ ಬಿಡ್ರಿ, ನಮ್ಮನ್ನ ಎಂದರ ಕರದೀರೇನ? ಐವತ್ತು ವರ್ಷ ಬಾಗಲ ಹಿಂದ ಕುಂತು ಕೇಳೇನಿ. ನನಗ ಎಲ್ಲಾ ಪದಾ ಬರತಾವ” ಎಂದಳು. ಇದನ್ನು ಮನೆಯವರಾರೂ ಅರಿತಿರಲಿಲ್ಲ. ಹಿರಿಯರು ಗೊಂಗಡಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, “ಆ ಗುಡಗುಡಿ ಪದಾ ಹಚ್ಚೋ ತಮ್ಮಾ, ಕೇಳೂಣು” ಎಂದರು.

ಗುಡುಗುಡಿಯ ಪದವು ಬಂದಾಗ ನಿಜವಾದ ಮೋಜು ಆಯಿತು. ಹುಡುಗನು ಆ ಪದವನ್ನು ಕಂಠಪಾಠ ಹೇಳಬಲ್ಲನು. ಗುಡುಗುಡಿಯನ್ನು ಮಾತ್ರ ಕಣ್ಣಿನಿಂದ ಕಂಡವನಲ್ಲ. ಹಿರಿಯರು ಅತ್ತೆಯಿಂದ ಒಂದು ತೆಂಗಿನ ಪರಟೆಯನ್ನು ಕೇಳಿ ಇಸಿದುಕೊಂಡು ವಿವರಿಸಿದರು: ಕೆಳಗೆ ನೀರು ತುಂಬುವ ಬುರುಡೆ, ಅದರಲ್ಲಿ ನೆಟ್ಟ ಕೊಳವೆ, ಮೇಲೆ ಕೆಂಡ ತಂಬಾಕುಗಳ ಚಿಲುಮೆ. ಸೇದಿದರೆ ಹೊಗೆಯು ನೀರಿನೊಳಗಿಂದ ಹಾಯ್ದು ಗುಡುಗುಡು ಸದ್ದು ಮಾಡುವದು. ಸದ್ದೇ ಅದರ ಹೆಸರು. ದೇಹವೇ ಗುಡುಗುಡಿ, ಅದರಲ್ಲಿ ಆಡುವದು ಉಸಿರು, ಮೇಲೆ ಸುಡುವದು ನಮ್ಮ ನಿಮ್ಮ ಕೆಟ್ಟ ಗುಣ ಎಂದು ಅವರು ಒಂದೊಂದಾಗಿ ಬಿಡಿಸಿದರು. ಹುಡುಗನು ಹಾಡನ್ನು ತಡೆದು ತಡೆದು ಮತ್ತೆ ಹಚ್ಚುತ್ತಿದ್ದನು. ಹೀಗೆ ಐದಾರು ನಿಮಿಷದ ಹಾಡಿಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ತಂಬಾಕಿನ ಚಟಕ್ಕೆ ಶರೀಫರ ಪದವನ್ನು ಸಮರ್ಥನೆಯಾಗಿ ಹೇಳುವ ಜಾಣರು ಎಲ್ಲ ಊರುಗಳಲ್ಲಿಯೂ ಇರುವರು. ಅಂಥವರು ಆ ಪದವನ್ನು ಅರ್ಧಕ್ಕೇ ಕೇಳಿ ಎದ್ದುಹೋದವರೆಂದು ತಿಳಿಯತಕ್ಕದ್ದು.

ನನ್ನ ಅಭಿಪ್ರಾಯವನ್ನು ಕೇಳಿದರೆ, ಗಿಟಾರಿನವರು ಶರೀಫರಿಗೆ ವಿನೋದವನ್ನು ಹೊಸದಾಗಿ ಅಂಟಿಸಲಿಲ್ಲ. ಸಂತರೆಂದು ಪಟಕ್ಕೆ ಕಟ್ಟುಹಾಕಿಸಿ, ಸಭೆಗಳಲ್ಲಿ ಕೈಕಟ್ಟಿ ಕೇಳುವ ಅಭ್ಯಾಸವು ನಮಗೆ ಬಂದಮೇಲೆ ಆ ಪದಗಳ ನಗೆಯು ಹೂಮಾಲೆಯ ಕೆಳಗೆ ಮುಚ್ಚಿಹೋಗಿತ್ತು. ಅದನ್ನು ಈ ತರುಣರು ಹೊರತೆಗೆದರು. ಅವರಿಗೆ ದೊರೆಯದೆ ಹೋದದ್ದು ಮಾಳಿಗೆ. ಕಾಂಕ್ರೀಟಿನ ಮನೆಗಳಲ್ಲಿ ಕೇಳುವವರಿಗೆ ಸೋರುವ ಮಾಳಿಗೆಯು ಬರಿಯ ರೂಪಕವು. ಗುತ್ತಲದಲ್ಲಿ ಅದು ಮೊದಲು ಬೋಗುಣಿ, ಆಮೇಲೆ ರೂಪಕ. ಹುಳ ಹಿಡಿದ ಜಂತೆಯನ್ನು ತಲೆಯ ಮೇಲೆ ಇಟ್ಟುಕೊಂಡು ಅದೇ ಪದಕ್ಕೆ ನಗುವ ಮುದುಕಿಯ ನಗೆಯು ಲಂಡನ್ನಿನ ಶ್ರೋತೃಗಳ ಚಪ್ಪಾಳೆಗಿಂತ ಬೇರೆಯಾದದ್ದು.

ಮರುದಿನ ಹೊಳವಾಯಿತು. ಹುಡುಗನು ತನ್ನ ಮೋಟಾರ್ ಸೈಕಲ್ಲಿನ ಮೇಲೆ ನನ್ನನ್ನು ಚೌಡದಾನಪುರಕ್ಕೆ ಕರೆದುಕೊಂಡು ಹೋದನು. ತುಂಗಭದ್ರೆಯ ದಂಡೆಯ ಮೇಲಿನ ಮುಕ್ತೇಶ್ವರ ಗುಡಿಯು ಗುತ್ತರ ಕಾಲದ್ದು. ಕಲ್ಯಾಣದ ಚಾಲುಕ್ಯರ ಶೈಲಿಯಲ್ಲಿ ಒಂದೇ ಗರ್ಭಗೃಹ, ಗೋಪುರದ ಮೇಲೆ ಬೆರಳಷ್ಟು ಜಾಗವನ್ನೂ ಬಿಡದ ಕೆತ್ತನೆ. ಅಂಗಳದ ಎತ್ತರದ ಶಾಸನಕಲ್ಲುಗಳ ಮೇಲೆ ಹಳಗನ್ನಡದ ಅಕ್ಷರಗಳು ಜೋಳದ ಕಾಳು ಸುರಿದಂತೆ ಒತ್ತೊತ್ತಾಗಿವೆ. ಹದಿಮೂರನೆಯ ಶತಮಾನದಲ್ಲಿ ಇಲ್ಲಿ ನೆಲಸಿದ ಶಿವದೇವನೆಂಬ ಶಿವಯೋಗಿಯ ಸಂಗತಿಯೂ ಗುತ್ತರ ವಂಶಾವಳಿಯೂ ಈ ಊರಿನ ಶಾಸನಗಳಿಂದಲೇ ತಿಳಿದುಬರುವವು. ಕುಟುಂಬದೊಡನೆ ಬರುವವರು ಬುತ್ತಿಯನ್ನು ಕಟ್ಟಿಕೊಂಡು ಬರುವದೊಳಿತು. ಹೊಳೆಯ ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಉಣ್ಣುವ ಸುಖವು ಹೊಟೆಲ್ಲಿನಲ್ಲಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ನೀರಿಗಿಳಿಯಗೊಡಬಾರದು. ಸಮಯವಿದ್ದವರು ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥಕ್ಕೂ ಹೋಗಬಹುದು.

ಚೌಡಯ್ಯನು ದೋಣಿ ನಡೆಯಿಸಿದ ಹೊಳೆ ಇದೇ ಎಂದು ಜನರ ನಂಬಿಕೆ. ಹುಡುಗನು ಮೆಟ್ಟಲಿನ ಮೇಲೆ ಕುಳಿತು, ಓದು ಮುಗಿದ ಮೇಲೆ ಬೆಂಗಳೂರಿಗೆ ನೌಕರಿಗೆ ಹೋಗುವೆನೆಂದೂ, ಹೋಗುವದರೊಳಗೆ ಅಜ್ಜಿಯ ಪದಗಳನ್ನು ಮೊಬೈಲಿನಲ್ಲಿ ಹಿಡಿದಿಡಬೇಕೆಂದೂ ಹೇಳಿದನು. ಎಷ್ಟು ಪದ ಇರಬಹುದೆಂದು ಕೇಳಿದೆನು. ನಿನ್ನೆ ರಾತ್ರಿ ಮಲಗುವ ಮುಂಚೆ ಅವಳು ಎಣಿಸತೊಡಗಿ ಅರವತ್ತರ ಹತ್ತಿರ ನಿದ್ದೆಹೋದಳಂತೆ.

ನಾವು ಗುತ್ತಲಕ್ಕೆ ಮರಳಿದಾಗ ಗೌಂಡಿಯು ಬಂದು ಮಾಳಿಗೆಯ ಮೇಲೆ ನಿಂತಿದ್ದನು. ಮಣ್ಣೆಲ್ಲವನ್ನೂ ಇಳಿಸಿ ಸ್ಲ್ಯಾಬ್ ಹಾಕಿಸಬೇಕೆಂದು ಅವನ ಸಲಹೆ. ಅತ್ತೆಯು ಕೆಳಗಿನಿಂದ ಬೆಳಕಿಂಡಿಯ ಮೂಲಕ ಚೌಕಾಶಿ ಮಾಡುತ್ತಿದ್ದಳು. ಎದುರುಮನೆಯ ಹಿರಿಯರೂ ಬಂದು, ದೀಪಾವಳಿಯ ವರೆಗೆ ತಡೆಯಿರಿ, ಸೋಮವಾರದ ಭಜನೆಯನ್ನು ಈ ಪಡಸಾಲೆಯಲ್ಲಿಯೇ ಮಾಡೋಣ, ನಿಮಗೆ ಬಾಗಿಲ ಹಿಂದಿನಿಂದ ಏಳುವ ತ್ರಾಸವಿರುವದಿಲ್ಲ ಎಂದು ಹೇಳುತ್ತಿದ್ದರು. ಅದಕ್ಕೆ ಅತ್ತೆಯು, “ಮಾಡ್ರಿ, ಆದ್ರ ಬೋಗಾಣಿ ನೀವ ತರ್ರಿ” ಎಂದಳು.